ಊರಿನ ಕೆಸರು ಫ್ರೀ, ಬೆಂಗಳೂರಿನ ಕೆಸರಿಗೆ ಟಿಕೆಟ್: ಅಡೆತಡೆ ಓಟಕ್ಕೆ ಇಳಿಯೋ ಮುಂಚೆ ಕೊಡಗಿನ ಯುವಕರು ತಿಳಿಯಬೇಕಾದ್ದು

ಮಡಿಕೇರಿ: ಕಕ್ಕಡ ತಿಂಗಳಲ್ಲಿ ಮದ್ದುಪಾಯಸ ತಿಂದು ಮುಗಿಸುವ ಹೊತ್ತಿಗೆ ಜಿಲ್ಲೆಯಲ್ಲಿ ಕೆಸರುಗದ್ದೆ ಕ್ರೀಡಾಕೂಟದ ಬ್ಯಾನರ್‌ಗಳು ಏಳುತ್ತವೆ. ಓಟ, ಹಗ್ಗಜಗ್ಗಾಟ, ವಾಲಿಬಾಲ್, ಮಹಿಳೆಯರಿಗೆ ಥ್ರೋಬಾಲ್. ಗದ್ದೆಗೆ ಇಳಿಯೋಕೆ ದೊಡ್ಡ ದುಡ್ಡೇನೂ ಬೇಡ. ಬಿದ್ದು ಎದ್ದು, ಪಕ್ಕದ ತೋಡಿನಲ್ಲಿ ಮೈ ತೊಳೆದುಕೊಂಡು, ಊಟ ಮಾಡಿ ಮನೆಗೆ ಹೋದರಾಯ್ತು.

ಅದೇ ಹುಡುಗರ ಮೊಬೈಲ್‌ನಲ್ಲಿ ಈಗ ಇನ್ನೊಂದು ಕೆಸರು ಕಾಣಿಸುತ್ತಿದೆ. ಬೆಂಗಳೂರಿನ ಹೊರವಲಯದಲ್ಲಿ ಐಟಿ ಕಂಪನಿಯವರು ಸಾವಿರಗಟ್ಟಲೆ ರೂಪಾಯಿ ಶುಲ್ಕ ಕಟ್ಟಿ, ಎದೆಗೆ ನಂಬರ್ ಅಂಟಿಸಿಕೊಂಡು, ತಂತಿಬೇಲಿ ಅಡಿ ತೆವಳುತ್ತಾರೆ, ಗೋಡೆ ಹಾರುತ್ತಾರೆ, ಹಗ್ಗ ಹತ್ತುತ್ತಾರೆ. ಕೊನೆಗೆ ಒಂದು ಮೆಡಲ್, ಒಂದು ಟೀ ಶರ್ಟ್, ನೂರು ಫೋಟೋ. ಇದನ್ನೇ ಆಬ್‌ಸ್ಟಕಲ್ ಕೋರ್ಸ್ ರೇಸಿಂಗ್, ಅಂದರೆ ಅಡೆತಡೆ ಓಟ ಅಂತಾರೆ. ನಮ್ಮ ದೇಶದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು 2012ರಲ್ಲಿ ಆರಂಭವಾದ 'ಡೆವಿಲ್ಸ್ ಸರ್ಕ್ಯೂಟ್'. ಸುಮಾರು 5 ಕಿ.ಮೀ. ಓಟ, ದಾರಿಯಲ್ಲಿ 15 ಅಡೆತಡೆ. ದೊಡ್ಡ ನಗರಗಳನ್ನು ಸುತ್ತುವ ಈ ಸ್ಪರ್ಧೆ ಬೆಂಗಳೂರಿಗೂ ಬರುತ್ತದೆ. ಹೊರದೇಶದಲ್ಲಿ 2010ರಲ್ಲಿ ಶುರುವಾದ 'ಸ್ಪಾರ್ಟನ್ ರೇಸ್', 'ಟಫ್ ಮಡರ್' ಇದನ್ನು ದೊಡ್ಡ ವ್ಯಾಪಾರವನ್ನಾಗಿ ಬೆಳೆಸಿದವು. ಕೊನೆಗೆ 2020ರಲ್ಲಿ ಸ್ಪಾರ್ಟನ್ ಕಂಪನಿಯೇ ಟಫ್ ಮಡರ್ ಅನ್ನು ಕೊಂಡುಕೊಂಡಿತು.

ಹೀಗಾಗಿ ಜಿಮ್‌ಗಳಲ್ಲಿ, ಮೈದಾನದ ಕಟ್ಟೆಯಲ್ಲಿ ಎರಡು ಪ್ರಶ್ನೆ ಓಡಾಡ್ತಿವೆ. ಒಂದು, ದುಡ್ಡು ಕೂಡಿಸಿಕೊಂಡು ಬೆಂಗಳೂರಿಗೆ ಹೋಗಿ ಓಡೋದಾ? ಎರಡು, ಇಲ್ಲೇ ನಮ್ಮ ಗದ್ದೆಯಲ್ಲಿ ಯಾಕೆ ಮಾಡಬಾರದು?

ಮೊದಲನೆಯದಕ್ಕೆ ಉತ್ತರ ಸುಲಭ. ಶುರು ಮಾಡೋಕೆ ಟಿಕೆಟ್ ಬೇಕಿಲ್ಲ, ಮೂರು ತಿಂಗಳ ತಯಾರಿ ಬೇಕು. ಎರಡನೆಯದು ಅಷ್ಟು ಸುಲಭ ಇಲ್ಲ. ಕೆಸರುಗದ್ದೆಗೆ ಒಂದು ಗೋಡೆ, ಒಂದು ಹಗ್ಗ, ಒಂದು ನೀರಿನ ಗುಂಡಿ ಸೇರಿಸಿದ ತಕ್ಷಣ ಅದು ಬೇರೆಯದೇ ಆಟ ಆಗುತ್ತದೆ. ಬಿದ್ದರೆ ನಗೋದಲ್ಲ, ಆಸ್ಪತ್ರೆಗೆ ಓಡೋ ಆಟ.

ಹೊಸದೇನಲ್ಲ

ಅಡೆತಡೆ ಓಟ ಅಮೆರಿಕದಿಂದ ಬಂತು ಅಂತ ಅಂದುಕೊಂಡವರು ಕೊಡಗಿನ ಹಳೆಯ ಪುಸ್ತಕ ನೋಡಬೇಕು. ಮಿಷನರಿ ರಿಕ್ಟರ್ 19ನೇ ಶತಮಾನದಲ್ಲಿ ಇಲ್ಲಿನ ನಾಟಿ ಕೆಲಸದ ಬಗ್ಗೆ ಬರೆದಿಟ್ಟಿದ್ದಾರೆ. ಮನೆಯ ದೊಡ್ಡ ಗದ್ದೆಯ ನಾಟಿ ಮುಗಿಸುವ ಮುಂಚೆ ಉದ್ದಕ್ಕೂ ಸುಮಾರು 10 ಅಡಿ ಅಗಲದ ಜಾಗ ಖಾಲಿ ಬಿಡ್ತಿದ್ದರು. ಆ ಕೆಸರಿನಲ್ಲಿ ಗಂಡಸರ ಓಟ. ಮೊದಲು ಮುಟ್ಟಿದವನಿಗೆ ಬಟ್ಟೆ, ಎರಡನೆಯವನಿಗೆ ಬಾಳೆಗೊನೆ, ಆಮೇಲಿನವನಿಗೆ ಹಲಸಿನ ಹಣ್ಣು. ಮೆಡಲ್ ಒಂದು ಇರಲಿಲ್ಲ ಅಷ್ಟೇ.

ಇನ್ನು ಗೋಡೆ, ಹಗ್ಗ, ಹಳ್ಳ? ಅದು ಸೈನ್ಯದ್ದು. ಸೈನಿಕರನ್ನು ತಯಾರು ಮಾಡೋಕೆ ಇರುವ ಆಬ್‌ಸ್ಟಕಲ್ ಕೋರ್ಸ್ ಜಗತ್ತಿನ ಎಲ್ಲ ಸೇನೆಗಳಲ್ಲೂ ಇದೆ. ಸೇನೆಗಳ ನಡುವೆ ನಡೆಯುವ ಮಿಲಿಟರಿ ಪೆಂಟಾಥ್ಲಾನ್‌ನಲ್ಲಿ 500 ಮೀಟರ್ ಓಟಕ್ಕೆ 20 ಅಡೆತಡೆ. ನಮ್ಮ ಎನ್‌ಸಿಸಿಯಲ್ಲೂ ಕೆಡೆಟ್‌ಗಳಿಗೆ 10 ಅಡೆತಡೆಯ ತರಬೇತಿ ಇದೆ. ಸ್ಟ್ರೈಟ್ ಬ್ಯಾಲೆನ್ಸ್, ಗೇಟ್ ವಾಲ್ಟ್, ಜಿಗ್‌ಜಾಗ್ ಬ್ಯಾಲೆನ್ಸ್, ಹೈ ವಾಲ್, ಡಬಲ್ ಡಿಚ್, ರ‍್ಯಾಂಪ್. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಈ ಹೆಸರುಗಳು ಇವತ್ತಿಗೂ ಬಾಯಿಪಾಠ.

ಇದನ್ನು ಸಾಮಾನ್ಯ ಜನರ ಆಟ ಮಾಡಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಬಿಲ್ಲಿ ವಿಲ್ಸನ್. ಅವರೂ ಮಾಜಿ ಸೈನಿಕ. ವುಲ್ವರ್‌ಹ್ಯಾಂಪ್ಟನ್ ಹತ್ತಿರ ತಮ್ಮ ಸ್ವಂತ ಫಾರ್ಮ್‌ನಲ್ಲಿ 1987ರಲ್ಲಿ 'ಟಫ್ ಗೈ' ಅಂತ ಓಟ ಶುರು ಮಾಡಿದರು. ಒಬ್ಬ ನಿವೃತ್ತ ಸೈನಿಕ, ಒಂದು ಜಮೀನು, ಬೇಕಾದಷ್ಟು ಕೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಈ ಮೂರಕ್ಕೂ ಬರ ಇಲ್ಲ.

ಒಲಿಂಪಿಕ್ಸ್ ಹೆಸರಲ್ಲಿ ಯಾರಾದ್ರೂ ದುಡ್ಡು ಕೇಳಿದ್ರೆ

"ಇದು ಒಲಿಂಪಿಕ್ಸ್‌ಗೆ ಸೇರಿದೆ" ಅನ್ನೋ ಮಾತು ಈಗ ಜಿಮ್ ಜಾಹೀರಾತುಗಳಲ್ಲೂ ಬರತೊಡಗಿದೆ. ಅರ್ಧ ನಿಜ. ಪೂರ್ತಿ ಕಥೆ ಸ್ವಲ್ಪ ವಿಚಿತ್ರವಾಗಿದೆ, ಕುದುರೆಯಿಂದ ಶುರುವಾಗುತ್ತೆ.

ಒಲಿಂಪಿಕ್ಸ್‌ನಲ್ಲಿ 1912ರಿಂದ ಮಾಡರ್ನ್ ಪೆಂಟಾಥ್ಲಾನ್ ಇದೆ. ಫೆನ್ಸಿಂಗ್, ಈಜು, ಕುದುರೆ ಸವಾರಿ, ಶೂಟಿಂಗ್, ಓಟ, ಐದೂ ಒಬ್ಬರೇ ಮಾಡಬೇಕು. 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಜರ್ಮನಿಯ ಅನಿಕಾ ಶ್ಲಾಯ್ ಎಲ್ಲರಿಗಿಂತ ಮುಂದಿದ್ದರು. ಚೀಟಿ ಎತ್ತಿ ಕೊಟ್ಟ 'ಸೇಂಟ್ ಬಾಯ್' ಅನ್ನೋ ಕುದುರೆ ಹಾರೋಕೆ ಒಪ್ಪಲಿಲ್ಲ. ಆಕೆ ಅಳುತ್ತಾ ಕೂತರು, ಕೋಚ್ ಕುದುರೆಗೆ ಗುದ್ದಿದರು. ಅದು ಟಿವಿಯಲ್ಲಿ ಇಡೀ ಜಗತ್ತಿಗೆ ಕಾಣಿಸಿತು. ಗಲಾಟೆ ಎಷ್ಟಾಯಿತೆಂದರೆ, ಪ್ಯಾರಿಸ್ 2024ರ ನಂತರ ಕುದುರೆಯನ್ನೇ ತೆಗೆದು ಆ ಜಾಗಕ್ಕೆ ಅಡೆತಡೆ ಓಟ ತರೋಕೆ ಆ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ 2022ರಲ್ಲಿ ಮತ ಹಾಕಿತು. 2028ರ ಲಾಸ್ ಏಂಜಲೀಸ್ ಕೂಟದಲ್ಲಿ ಮಾಡರ್ನ್ ಪೆಂಟಾಥ್ಲಾನ್ ಇರುತ್ತೆ ಅನ್ನೋದು ಗಟ್ಟಿಯಾಗಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈನಲ್ಲಿ ನಡೆದ ಒಲಿಂಪಿಕ್ ಸಮಿತಿ ಸಭೆಯಲ್ಲಿ.

ಆದರೆ ಅಲ್ಲಿರೋದು ಕೆಸರಿನ 5 ಕಿ.ಮೀ. ಓಟ ಅಲ್ಲ. ಸುಮಾರು 70 ಮೀಟರ್ ಒಳಗಿನ ಟ್ರ್ಯಾಕ್, ಎಂಟು ಅಡೆತಡೆ, ಕೊನೆಗೆ ಒಂದು ಬಾಗಿದ ಗೋಡೆ ಏರಿ ಬಟನ್ ಒತ್ತಬೇಕು. ಟಿವಿಯಲ್ಲಿ ಬರುವ 'ನಿಂಜಾ ವಾರಿಯರ್' ಥರ. ಅದು ಬಿಟ್ಟು ಇನ್ನೂ ನಾಲ್ಕು ಆಟ ಕಲಿಯಬೇಕು. ತಾಲ್ಲೂಕಿನಲ್ಲಿ ಕೂತು ಫೆನ್ಸಿಂಗ್ ಯಾರ ಹತ್ತಿರ ಕಲಿಯೋದು? ಆದ್ದರಿಂದ "ಸೇರಿಕೊಳ್ಳಿ, ಒಲಿಂಪಿಕ್ಸ್‌ಗೆ ದಾರಿ" ಅಂತ ಯಾರಾದರೂ ತರಬೇತಿ ಶುಲ್ಕ ಕೇಳಿದರೆ ಈಜು, ಫೆನ್ಸಿಂಗ್, ಶೂಟಿಂಗ್ ಎಲ್ಲಿ ಕಲಿಸ್ತೀರಿ ಅಂತ ಕೇಳಬೇಕು. ಕಂಪನಿಗಳು ನಡೆಸುವ ಕೆಸರು ಓಟದ ಮೆಡಲ್ ತೋರಿಸಿದರೆ ಕ್ರೀಡಾ ಕೋಟಾ ಸಿಗುತ್ತೆ ಅನ್ನೋ ಆಸೆಯಲ್ಲಿ ಓಡುವುದೂ ಬೇಡ. ಅದು ಭಾಗವಹಿಸಿದವರಿಗೆಲ್ಲ ಕೊಡುವ ಮೆಡಲ್.

ಕಾಲು ಓಡುತ್ತೆ, ಕೈ ಬಿಡುತ್ತೆ

ಅಡೆತಡೆ ಓಟಕ್ಕೆ ಹೊಸದಾಗಿ ಹೋದವರು ಸೋಲುವುದು ಓಟದಲ್ಲಿ ಅಲ್ಲ. ನಮ್ಮ ಕಡೆಯ ಹುಡುಗರಿಗೆ ಏರು ಇಳಿಜಾರು ಹುಟ್ಟಿದಾಗಿನಿಂದ ಅಭ್ಯಾಸ. ಶಾಲೆಗೆ ಹೋಗಿದ್ದೇ ಏರು ಹತ್ತಿ. ಕೈಕೊಡೋದು ಕೈಯೇ. ಮಂಕಿ ಬಾರ್‌ನಲ್ಲಿ ನಾಲ್ಕನೇ ಸರಳಿಗೆ ಬೆರಳು ಬಿಚ್ಚಿಕೊಳ್ಳುತ್ತೆ, ನೀರಿಗೆ ಬೀಳ್ತಾರೆ. ಜಿಮ್‌ನಲ್ಲಿ ತೋಳು ದಪ್ಪ ಮಾಡಿಕೊಂಡವರೂ ಇಲ್ಲೇ ಬೀಳೋದು. ಕಾರಣ ಸರಳ. ಬೈಸೆಪ್ಸ್ ಬೇರೆ, ಹಿಡಿತ ಬೇರೆ. ಮೈ ಭಾರ ಜಾಸ್ತಿ ಇದ್ದಷ್ಟೂ ಹಿಡಿತಕ್ಕೆ ಕಷ್ಟ.

ಹಿಡಿತ ಅಂದರೇನು ಅಂತ ನೋಡಬೇಕಾದರೆ ಜನವರಿ ಕಳೆದ ಮೇಲೆ ಯಾವುದಾದರೂ ತೋಟಕ್ಕೆ ಹೋಗಿ. ಒಂಟಿ ಏಣಿ ಮೇಲೆ ನಿಂತು, ಒಂದು ಕೈಯಲ್ಲಿ ಸಿಲ್ವರ್ ಓಕ್ ಮರ ತಬ್ಬಿ, ಇನ್ನೊಂದು ಕೈಯಲ್ಲಿ ಕರಿಮೆಣಸು ಕೊಯ್ಯುವ ಕಾರ್ಮಿಕರನ್ನು ನೋಡಿ. ದಿನವಿಡೀ. ಅವರಿಗೆ ಯಾರೂ ಮೆಡಲ್ ಹಾಕಿಲ್ಲ.

ತಯಾರಿಗೆ ಬೇಕಾದ್ದು ಒಂದು ಗಟ್ಟಿಯಾದ ಅಡ್ಡ ಸರಳು. ಶಾಲೆ ಮೈದಾನದಲ್ಲಿ ಇದ್ದರೆ ಕೇಳಿಕೊಂಡು ಉಪಯೋಗಿಸಬಹುದು. ಇಲ್ಲದಿದ್ದರೆ ಎರಡು ಕಂಬ ಹುಗಿದು, ಕಾಂಕ್ರೀಟ್ ಹಾಕಿ, ಜಿಐ ಪೈಪ್ ಬೆಸುಗೆ ಹಾಕಿಸಬೇಕು. ಮರದ ಕೊಂಬೆ ಬೇಡವೇ ಬೇಡ, ಮಳೆಗಾಲದಲ್ಲಿ ಯಾವಾಗ ಮುರಿಯುತ್ತೆ ಹೇಳೋಕಾಗಲ್ಲ. ಮೊದಲ ವಾರ ಸುಮ್ಮನೆ ನೇತಾಡುವುದು. 10 ಸೆಕೆಂಡ್ ಆದರೆ 10 ಸೆಕೆಂಡ್. ವಾರಕ್ಕೆ ಮೂರು ದಿನ ಸಾಕು. ದಿನಾ ನೇತಾಡಿದರೆ ಮೊಣಕೈ ನರ ಹಿಡಿದುಕೊಂಡು ತಿಂಗಳುಗಟ್ಟಲೆ ಕೂರಬೇಕಾಗುತ್ತೆ. ಎರಡು ಮೂರು ತಿಂಗಳಲ್ಲಿ 60 ಸೆಕೆಂಡ್ ಮುಟ್ಟಿದರೆ ಒಳ್ಳೆ ತಯಾರಿ. ಆಮೇಲೆ ಸರಳಿನ ಮೇಲೆ ಒದ್ದೆ ಟವೆಲ್ ಹಾಕಿ ಅದನ್ನು ಹಿಡಿದು ನೇತಾಡಿ ನೋಡಿ, ಸ್ಪರ್ಧೆಯಲ್ಲಿ ಸರಳು ಒಣಗಿರೋದಿಲ್ಲ. ಮುಂದೆ ಹೋದವರೆಲ್ಲ ಕೆಸರು ಬಳಿದು ಹೋಗಿರ್ತಾರೆ.

ಭಾರ ಹೊರೋದಕ್ಕೆ ಜಿಮ್ ಬೇಕಾ? ಬೇಡ. ಎರಡು ಕೈಗೆ 20 ಲೀಟರ್ ನೀರಿನ ಕ್ಯಾನ್ ಹಿಡಿದು ಅಂಗಳದಲ್ಲಿ 50 ಮೀಟರ್ ನಡೆದರೆ ಮುಂಗೈ ಉರಿಯುತ್ತೆ, ಅದೇ ಹಿಡಿತದ ಅಭ್ಯಾಸ. ಸ್ಪರ್ಧೆಗಳಲ್ಲಿ ಹೊರಿಸುವ ಮರಳಿನ ಚೀಲ 20-30 ಕೆ.ಜಿ. ಆಸುಪಾಸು. 50 ಕೆ.ಜಿ. ಕಾಫಿ ಚೀಲ ಲಾರಿಗೆ ಎತ್ತಿ ಹಾಕಿದವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ 3 ಕಿ.ಮೀ. ಓಡಿದ ಮೇಲೆ ಎತ್ತಬೇಕು, ಅಲ್ಲಿದೆ ಕಷ್ಟ. ಹೀಗಾಗಿ ಓಟ ಮತ್ತು ಎತ್ತೋದನ್ನು ಬೇರೆ ಬೇರೆ ದಿನ ಮಾಡಿದರೆ ಸಾಲದು. ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲೋ ಊರಿನ ಶಾಲೆ ಮೈದಾನದಲ್ಲೋ ಒಂದು ಸುತ್ತು ಓಡಿ, ಉಸಿರು ಏದುತ್ತಿರುವಾಗಲೇ ಸರಳಿಗೆ ನೇತಾಡಬೇಕು. ಮತ್ತೆ ಓಡಿ ಚೀಲ ಎತ್ತಬೇಕು. ಇದು ನಾಲ್ಕೈದು ಸುತ್ತು. ಒಂದೇ ಸಮನೆ 5 ಕಿ.ಮೀ. ಓಡೋಕೆ ಆಗದವರು ಮೊದಲ ತಿಂಗಳು ಬರೀ ಅದನ್ನೇ ಮಾಡಲಿ, ನಡೆದುಕೊಂಡು ಓಡಿಕೊಂಡು.

ಹಗ್ಗ ಹತ್ತೋದು ಕೈಯ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ, ಕಾಲಿನ ಕೆಲಸ. ಹಗ್ಗ ಒಂದು ಕಾಲಿನ ಹೊರಬದಿಯಿಂದ ಇಳಿದು ಅದೇ ಪಾದದ ಅಡಿಯಿಂದ ಬರಬೇಕು, ಇನ್ನೊಂದು ಪಾದ ಅದನ್ನು ಮೇಲಿನಿಂದ ತುಳಿದು ಬೀಗ ಹಾಕಬೇಕು. ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ಎದ್ದು ನಿಲ್ಲೋದು, ಕೈ ಮೇಲೆ ಸರಿಸೋದು. ನೆಲದ ಮೇಲೆ ಕುರ್ಚಿಯಲ್ಲಿ ಕೂತೇ ಈ ಬೀಗ ಕಲಿಯಬಹುದು. ಇಳಿಯುವಾಗ ಜಾರಿಕೊಂಡು ಬಂದರೆ ಅಂಗೈ ಚರ್ಮ ಹೋಯ್ತು ಅಂತಲೇ ಲೆಕ್ಕ. ಮೊಣಕಾಲಿನವರೆಗೆ ಕಾಲುಚೀಲ ಹಾಕಿದವರು ಬುದ್ಧಿವಂತರು.

ಗೋಡೆಯದೂ ಅಷ್ಟೇ. 5 ಅಡಿಯಿಂದ ಶುರು ಮಾಡಿ. ಓಡಿ ಬಂದು ಪಾದವನ್ನು ಸೊಂಟದ ಎತ್ತರಕ್ಕೆ ಗೋಡೆಗೆ ಒತ್ತಿ ಮೇಲಕ್ಕೆ ಚಿಮ್ಮಬೇಕು, ಮುಂದಕ್ಕಲ್ಲ. ಕೈ ಸಿಕ್ಕ ಮೇಲೆ ಮೊಣಕೈ ಸಿಕ್ಕಿಸಿ, ಆಮೇಲೆ ಹಿಮ್ಮಡಿ. ಹತ್ತಿದವರು ಗೆದ್ದೆವು ಅಂತ ಆ ಕಡೆಗೆ ದುಡುಂ ಅಂತ ಹಾರ್ತಾರೆ ನೋಡಿ, ಪಾದದ ಕೀಲು ಉಳುಕೋದು ಅಲ್ಲಿ. ಹೊಟ್ಟೆ ಗೋಡೆಗೆ ತಾಗಿಸಿ ತಿರುಗಿ, ಕೈಯಲ್ಲಿ ನೇತಾಡಿ, ಮಂಡಿ ಮಡಿಸಿ ಇಳಿಯಬೇಕು.

ಶೂ ವಿಚಾರಕ್ಕೆ ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಮೊದಲ ಓಟಕ್ಕೆ ಹೊಸ ಶೂ ಕೊಳ್ಳಬೇಡಿ. ಅಡಿಭಾಗದಲ್ಲಿ ಹಲ್ಲು ಇರುವ, ನೀರು ಬೇಗ ಹೊರಹೋಗುವ, ಕಾಲಿಗೆ ಪಳಗಿದ ಹಳೇ ಶೂ ಸಾಕು. ಕಾಟನ್ ಬನಿಯನ್, ಜೀನ್ಸ್ ಬೇಡ, ನೀರು ಕುಡಿದು ಭಾರವಾಗುತ್ತೆ. ಉಂಗುರ, ಕೈಬಳೆ, ದಾರ ತೆಗೆದಿಡಿ. ಉಂಗುರ ಸರಳಿಗೆ ಸಿಕ್ಕಿ ಬೆರಳೇ ಹೋಗಬಹುದು.

ಮೊದಲ ಸಲ ಬೆಂಗಳೂರಿಗೆ ಹೋಗುವುದೇ ಆದರೆ ಸ್ಪರ್ಧಾ ವಿಭಾಗ ಬೇಡ. ಸಮಯದ ಲೆಕ್ಕ ಇಲ್ಲದ ಸಾಮಾನ್ಯ ವಿಭಾಗಕ್ಕೆ ಹೆಸರು ಕೊಡಿ. ಅಲ್ಲಿ ಆಗದ ಅಡೆತಡೆ ಬಿಟ್ಟು ಮುಂದೆ ಹೋದರೂ ಯಾರೂ ಏನೂ ಅನ್ನೋದಿಲ್ಲ, ಪಕ್ಕದವರು ಕೈ ಹಿಡಿದು ಎಳೀತಾರೆ. ಲೆಕ್ಕ ಹಾಕುವಾಗ ಪ್ರವೇಶ ಶುಲ್ಕ ಮಾತ್ರ ಹಾಕಬೇಡಿ. ಮಡಿಕೇರಿಯಿಂದ ಬೆಂಗಳೂರಿಗೆ 250 ಕಿ.ಮೀ.ಗೂ ಹೆಚ್ಚು, ಹೋಗಿ ಬರೋ ಬಸ್ಸು, ಒಂದು ರಾತ್ರಿ ಲಾಡ್ಜ್, ಬೆಳಗಿನ ಜಾವ ಹೊರವಲಯದ ಮೈದಾನಕ್ಕೆ ಕ್ಯಾಬ್. ದಿನಗೂಲಿಗೆ ಹೋಗುವ ಹುಡುಗನಿಗೆ ಇದು ಒಂದು ವಾರಕ್ಕಿಂತ ಹೆಚ್ಚಿನ ದುಡಿಮೆ.

ಕೋಚ್ ಪಕ್ಕದ ಮನೆಯಲ್ಲೇ ಇದ್ದಾರೆ

ಕೊಡಗಿನಲ್ಲಿ ನಿವೃತ್ತ ಸೈನಿಕರಿಲ್ಲದ ಊರು ಹುಡುಕೋದು ಕಷ್ಟ. ಅವರಲ್ಲಿ ಪ್ರತಿಯೊಬ್ಬರೂ ರಂಗರೂಟ್ ಆಗಿದ್ದಾಗ ಗೋಡೆ ಹಾರಿದವರು, ಹಗ್ಗ ಹತ್ತಿದವರು. ಸುರಕ್ಷಿತವಾಗಿ ಇಳಿಯೋದು ಹೇಗೆ ಅಂತ ಗೊತ್ತಿರೋದೂ ಅವರಿಗೇ. ನಗರದಲ್ಲಿ ಇದಕ್ಕೆ ಕೋಚಿಂಗ್ ಫೀಸ್ ಕಟ್ತಾರೆ. ಇಲ್ಲಿ ಸಂಜೆ ಕಾಫಿ ಕುಡಿಯುತ್ತಾ ಜಗಲಿ ಮೇಲೆ ಕೂತಿರ್ತಾರೆ, ಕೇಳುವವರಿಲ್ಲ.

ಕೇಳೋದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಅಗ್ನಿವೀರ್ ಸೇನಾ ರ‍್ಯಾಲಿಯ ದೈಹಿಕ ಪರೀಕ್ಷೆಯಲ್ಲಿ ಏನೇನಿದೆ? 1.6 ಕಿ.ಮೀ. ಓಟ, ಪುಲ್ ಅಪ್, 9 ಅಡಿ ಹಳ್ಳ ಹಾರೋದು, ಜಿಗ್‌ಜಾಗ್ ಬ್ಯಾಲೆನ್ಸ್. ಇದು ಚಿಕ್ಕ ಅಡೆತಡೆ ಓಟವಲ್ಲದೆ ಮತ್ತೇನು? ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲೂ ಪುರುಷರಿಗೆ 1,600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸುವ ಪರೀಕ್ಷೆ ಇದೆ. ರ‍್ಯಾಲಿ ದಿನಾಂಕ ಬಂದ ಮೇಲೆ ಹದಿನೈದು ದಿನ ರಸ್ತೆಯಲ್ಲಿ ಓಡಿ ಹೋಗುವ ಹುಡುಗರು ಪುಲ್ ಅಪ್ ಕಂಬದ ಹತ್ತಿರ ಅಂಕ ಕಳೆದುಕೊಳ್ತಾರೆ. ವರ್ಷವಿಡೀ ನಡೆಯುವ ಒಂದು ಚಿಕ್ಕ ಟ್ರ್ಯಾಕ್ ಊರಲ್ಲಿದ್ದರೆ ಆಟಕ್ಕೂ ಆಯ್ತು, ಕೆಲಸಕ್ಕೂ ಆಯ್ತು. ಆಯ್ಕೆಯಾಗದವನಿಗೆ, ವಯಸ್ಸು ಮೀರಿದವನಿಗೆ ಸಂಜೆ ಹೋಗೋಕೆ ಬಾರ್ ಬಿಟ್ಟು ಇನ್ನೊಂದು ಜಾಗವೂ ಆಯ್ತು. ಈ ಕೊನೆಯ ಮಾತು ಎಲ್ಲರಿಗೂ ಗೊತ್ತು, ಯಾರೂ ಸಭೆಯಲ್ಲಿ ಹೇಳಲ್ಲ.

ಹುಡುಗಿಯರಿಗೂ ಇದೇ ಟ್ರ್ಯಾಕ್. ಗೋಡೆ ಸ್ವಲ್ಪ ಕಡಿಮೆ, ಚೀಲ ಸ್ವಲ್ಪ ಹಗುರ, ಉಳಿದದ್ದೆಲ್ಲ ಒಂದೇ.

ಕೆಸರಿನೊಳಗೆ ಏನಿರುತ್ತೆ

ಇಲ್ಲಿಂದ ಮುಂದಿನದು ಆಯೋಜಕರು ಕಡ್ಡಾಯವಾಗಿ ಓದಬೇಕಾದ ಭಾಗ.

2012ರ ಅಕ್ಟೋಬರ್‌ನಲ್ಲಿ ಅಮೆರಿಕದ ನೆವಾಡಾದಲ್ಲಿ ದನ ಸಾಕುವ ಜಮೀನಿನಲ್ಲಿ ಕೆಸರು ಓಟ ನಡೆಯಿತು. ಓಡಿ ಹೋದ ಮೇಲೆ ಜನರಿಗೆ ಜ್ವರ, ಭೇದಿ. ಹತ್ತಿರದ ವಾಯುಪಡೆ ನೆಲೆಯ ಆಸ್ಪತ್ರೆಯವರು ಲೆಕ್ಕ ಹಾಕಿದಾಗ 22 ಪ್ರಕರಣ. ದನದ ಸಗಣಿ ಬೆರೆತ ಕೆಸರು ನೀರು ಬಾಯಿಗೆ ಹೋಗಿದ್ದೇ ಕಾರಣ ಅಂತ ತನಿಖೆ ಬೊಟ್ಟು ಮಾಡಿತು. ನಮ್ಮ ಗದ್ದೆಗಳಲ್ಲಿ ದನ ಓಡಾಡದ ಗದ್ದೆ ಯಾವುದು?

ನಮ್ಮಲ್ಲಿ ಇನ್ನೊಂದು ಅಪಾಯ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ, ದನಗಳ ಮೂತ್ರ ಬೆರೆತ ನೀರಿನಲ್ಲಿರುವ ಬ್ಯಾಕ್ಟೀರಿಯಾ ಗಾಯದ ಮೂಲಕ, ಕಣ್ಣು ಬಾಯಿಯ ಮೂಲಕ ಮೈಗೆ ಸೇರುತ್ತೆ. ಕೆಸರುಗದ್ದೆಯಲ್ಲಿ ಬರೀ ಓಡಿದರೆ ಗಾಯ ಕಡಿಮೆ. ಗೋಡೆ, ಹಗ್ಗ, ತೆವಳೋದು ಸೇರಿದರೆ ಮೊಣಕಾಲು, ಮೊಣಕೈ, ಅಂಗೈ ತರಚದೆ ಯಾರೂ ಬರಲ್ಲ. ಹಾಗಾಗಿ ಮೊದಲೇ ಗಾಯ ಇರುವವರು ಇಳಿಯಬಾರದು. ಮುಗಿದ ತಕ್ಷಣ ತೋಡಿನ ನೀರಲ್ಲ, ಶುದ್ಧ ನೀರು ಮತ್ತು ಸೋಪು ಬೇಕು. ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ನೋಡಿಕೊಳ್ಳಿ. ಮುನ್ನೆಚ್ಚರಿಕೆ ಅಂತ ಮೆಡಿಕಲ್ ಅಂಗಡಿಯಿಂದ ಸ್ವಂತಕ್ಕೆ ಮಾತ್ರೆ ತಂದು ನುಂಗೋದು ಬೇಡ. ಓಟದ ನಂತರ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ್ ಹತ್ತಿರ "ಕೆಸರಿಗೆ ಇಳಿದಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ಅದೊಂದು ಮಾತು ಚಿಕಿತ್ಸೆ ಬದಲಾಯಿಸುತ್ತೆ.

ನೀರಿನ ಗುಂಡಿ ಇನ್ನೂ ದೊಡ್ಡ ವಿಷಯ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಟಫ್ ಮಡರ್ ಓಟದಲ್ಲಿ 28 ವರ್ಷದ ಒಬ್ಬ ಯುವಕ ಎತ್ತರದ ಹಲಗೆಯಿಂದ ಕೆಸರು ನೀರಿಗೆ ಹಾರಿದ. ಮೇಲೆ ಬರಲಿಲ್ಲ. ಹುಡುಕಿ ಎತ್ತುವಷ್ಟರಲ್ಲಿ ತುಂಬ ಹೊತ್ತಾಗಿತ್ತು, ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಕೆಸರು ನೀರಿನಲ್ಲಿ ಮುಳುಗಿದವನು ಕಾಣಿಸೋದಿಲ್ಲ, ಮುಖ್ಯ ಸಂಗತಿ ಇದೇ. ಅಷ್ಟು ದೊಡ್ಡ ಕಂಪನಿ, ಅಷ್ಟು ದುಡ್ಡು ಇದ್ದ ಕಡೆಯೇ ಹೀಗಾಗಿದೆ. ಊರ ಕ್ಲಬ್‌ನವರು ಜೆಸಿಬಿ ತರಿಸಿ ತೋಡಿದ ಗುಂಡಿ ಪಕ್ಕ ಈಜು ಬರುವ ಇಬ್ಬರಾದರೂ ಹಗ್ಗ, ಟ್ಯೂಬ್ ಹಿಡಿದು ನಿಂತಿರಬೇಡವೇ? ಮೊದಲ ವರ್ಷ ಸೊಂಟಕ್ಕಿಂತ ಆಳದ ನೀರೇ ಬೇಡ. ಒಬ್ಬರು ಹೊರಗೆ ಬರುವ ತನಕ ಇನ್ನೊಬ್ಬರನ್ನು ಬಿಡಬಾರದು.

"ಎಲ್ಲರ ಹತ್ತಿರ ಸ್ವಂತ ಜವಾಬ್ದಾರಿ ಅಂತ ಸಹಿ ಹಾಕಿಸಿಕೊಂಡಿದ್ದೀವಿ" ಅನ್ನೋ ಧೈರ್ಯ ಆಯೋಜಕರಿಗೆ ಇರುತ್ತೆ. ಆ ಕಾಗದ ನಿರ್ಲಕ್ಷ್ಯವನ್ನು ಮಾಫಿ ಮಾಡೋದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ, ಕಾರ್ಯದರ್ಶಿ ಹೆಸರು ಆಮಂತ್ರಣ ಪತ್ರಿಕೆಯಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತೆ.

ಚಂದಾ ಕೊಡುವ ಅಂಗಡಿಯವರಿಗೆ

ಹೊರಗಿನ ಕಂಪನಿ ಬಂದು ದೊಡ್ಡ ಅಡೆತಡೆ ಓಟ ನಡೆಸಿದರೆ ಪೇಟೆಗೆ ವ್ಯಾಪಾರ ಅನ್ನೋ ಲೆಕ್ಕಾಚಾರ ಕೆಲವರಲ್ಲಿದೆ. ಹೋಂಸ್ಟೇ, ಪೆಟ್ರೋಲ್ ಬಂಕ್, ಹೋಟೆಲ್‌ಗೆ ಒಂದಷ್ಟು ಆಗಬಹುದು. ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಗೆ? ಇಂಥ ಓಟಕ್ಕೆ ಬರುವವರು ಬೆಳಿಗ್ಗೆ ಕಾರಲ್ಲಿ ಬಂದು, ಓಡಿ, ಫೋಟೋ ತೆಗೆಸಿಕೊಂಡು ಹೊರಡುವವರು. ನೀರು, ತಿಂಡಿ, ಟೀ ಶರ್ಟ್ ಎಲ್ಲ ಒಳಗಿನ ಸ್ಟಾಲ್‌ನಲ್ಲೇ. ಶನಿವಾರ ಭಾನುವಾರ ಬಂತೆಂದರೆ ಈಗಲೇ ಮಡಿಕೇರಿ ರಸ್ತೆಯಲ್ಲಿ ಗಾಡಿ ಅಲುಗಾಡಲ್ಲ. ಆ ಜನರನ್ನೇ ಇನ್ನೊಂದು ಹೆಸರಲ್ಲಿ ಕರೆಸಿದಂತೆ ಆಗುತ್ತೆ.

ಬೇರೆ ಮಾದರಿ ನಮ್ಮಲ್ಲೇ ಇದೆ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾಯಿತು. ಈಗ ತಂಡಗಳ ಸಂಖ್ಯೆ 300 ದಾಟಿದೆ. ಯಾವ ನಗರದ ಕಂಪನಿಯೂ ಬಂದು ಕಟ್ಟಿದ್ದಲ್ಲ. ವರ್ಷಕ್ಕೊಂದು ಕುಟುಂಬ ಜವಾಬ್ದಾರಿ ಹೊತ್ತುಕೊಂಡು ನಡೆಸುತ್ತೆ, ಒಂದು ತಿಂಗಳ ಕಾಲ ಜನ ಬರ್ತಾರೆ ಹೋಗ್ತಾರೆ, ಸುತ್ತಲಿನ ಅಂಗಡಿಯಲ್ಲಿ ಗಿಜಿಗಿಜಿ. ಅಡೆತಡೆ ಓಟವನ್ನೂ ಈಗಿರುವ ಕೆಸರುಗದ್ದೆ ಕೂಟಕ್ಕೆ ಒಂದು ವಿಭಾಗವಾಗಿ ಸೇರಿಸಬಹುದು. 5 ಕಿ.ಮೀ. ಬೇಡ, ಮೊದಲ ವರ್ಷ ಒಂದು ಕಿ.ಮೀ., ಆರು ಅಡೆತಡೆ ಸಾಕು. ಟೈರ್, ಮರಳಿನ ಚೀಲ, ಬಲೆ ಅಡಿ ತೆವಳೋದು, 5 ಅಡಿ ಗೋಡೆ, ಬ್ಯಾಲೆನ್ಸ್ ಹಲಗೆ, ಸರಳು. ಸಾಮಾನೆಲ್ಲ ಇದೇ ಪೇಟೆಯಲ್ಲಿ ಸಿಗುತ್ತೆ, ಬೆಸುಗೆ ಹಾಕೋರೂ ಇಲ್ಲೇ ಇದ್ದಾರೆ. ಕೂಟ ಮುಗಿದ ಮೇಲೆ ಬಿಚ್ಚಿ ಗುಜರಿಗೆ ಹಾಕದೆ ಶಾಲೆ ಮೈದಾನದಲ್ಲಿ ನಿಲ್ಲಿಸಿದರೆ ರ‍್ಯಾಲಿಗೆ ಹೋಗುವವರಿಗೆ ವರ್ಷವಿಡೀ ಉಪಯೋಗ.

ಆಯೋಜಕರ ಕಿವಿಗೆ ಮಾತು ಬೀಳಬೇಕಾದರೆ ಅದು ದುಡ್ಡು ಕೊಡುವವರ ಬಾಯಿಂದಲೇ ಬರಬೇಕು. ಬ್ಯಾನರ್‌ನಲ್ಲಿ ಅಂಗಡಿ ಹೆಸರು ಎಷ್ಟು ದೊಡ್ಡದಾಗಿ ಬರುತ್ತೆ ಅಂತ ಕೇಳುವ ಬದಲು ನಾಲ್ಕು ಪ್ರಶ್ನೆ ಕೇಳಿ. ಗದ್ದೆಯಲ್ಲಿ ಬಾಟಲಿ ಚೂರು, ತಂತಿ ಇದೆಯಾ ಅಂತ ಉತ್ತು ನೋಡಿದ್ದೀರಾ? ಆ ಗದ್ದೆಗೆ ಕಳೆನಾಶಕ ಯಾವಾಗ ಹೊಡೆದಿದ್ದು? ಗೋಡೆ ಮೇಲೆ ಒಂದೇ ಸಲ ನಾಲ್ಕು ಜನ ಹತ್ತಿದರೆ ನಿಲ್ಲುತ್ತೆ ಅಂತ ಪರೀಕ್ಷೆ ಮಾಡಿದವರು ಯಾರು? ಕುಡಿದು ಬಂದವನನ್ನು, ಅವನು ಊರಿನ ಎಷ್ಟೇ ದೊಡ್ಡ ಮನುಷ್ಯನ ಮಗನಾದರೂ, ಗೇಟಿನಲ್ಲೇ ತಡೆಯುವ ಧೈರ್ಯ ಯಾರಿಗಿದೆ?

ಆಂಬುಲೆನ್ಸ್ ಬಗ್ಗೆ ಬೇರೆಯಾಗಿ ಕೇಳಬೇಕು. "108 ಇದೆಯಲ್ಲ" ಅನ್ನೋದು ಉತ್ತರ ಅಲ್ಲ. ಮಳೆಗಾಲದಲ್ಲಿ ಗದ್ದೆ ಬದುವಿನ ತನಕ ಗಾಡಿ ಬರೋದಿಲ್ಲ, ಮುಖ್ಯ ರಸ್ತೆಯಿಂದ ಸ್ಟ್ರೆಚರ್ ಹೊತ್ತು ತರಬೇಕು. ಹಾಗಾದರೆ ಯಾರು ಹೊರ್ತಾರೆ, ಯಾವ ದಾರಿಯಲ್ಲಿ, ಎಷ್ಟು ನಿಮಿಷ ಬೇಕು? ಒಂದು ದಿನ ಮುಂಚೆ ಖಾಲಿ ಸ್ಟ್ರೆಚರ್ ಹಿಡಿದು ನಡೆದು ನೋಡಿದರೆ ಗೊತ್ತಾಗುತ್ತೆ. ನೋಡಿದ್ದೀವಿ ಅಂದವರಿಗೆ ರಸೀದಿ ಹರಿಸಿ.